ಕುದುರೆಯ ಬಾಲದ ಒಂದು ಕೂದಲು

ನಮ್ಮ ಅಬ್ಬಾನ ಕುದುರೆ ಅಫಜಲಪುರದ ಸುತ್ತಮುತ್ತ ಮದುವೆಗಳಲ್ಲಿ ಮದುಮಗನನ್ನು ಹೊತ್ತು ನಡೆಯುವ ಕುದುರೆ. ಬಿಳಿ ಮೈ, ನೆಲ ಗುಡಿಸುವ ಬಾಲ. ನಮ್ಮೂರು ಮಣ್ಣೂರಿನಲ್ಲಿ ಆ ಬಾಲಕ್ಕೆ ಇನ್ನೊಂದು ಕೆಲಸವೂ ಇತ್ತು. ಮೈಮೇಲೆ ನರೂಲಿ ಗಂಟು ಎದ್ದವರು ಬಂದು ಒಂದು ಕೂದಲು ಕೇಳುತ್ತಿದ್ದರು. ಅದನ್ನು ನರೂಲಿಯ ಬುಡಕ್ಕೆ ಬಿಗಿದು ಕಟ್ಟಿದರೆ ಉದುರಿ ಹೋಗುತ್ತದೆಂಬ ನಂಬಿಕೆ. ಅಬ್ಬಾ ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ. ಆದರೆ ತಾನೇ ಕಿತ್ತು ಕೊಡಬೇಕು, ಬೇರೆಯವರು ಬಾಲ ಮುಟ್ಟುವಂತಿಲ್ಲ.

ನಮ್ಮ ಗೋಡೆಯಾಚೆ ದೊಡ್ಡವ್ವನ ಮನೆ. ರಕ್ತಸಂಬಂಧವಿಲ್ಲ, ಜಾತಿಯೂ ಬೇರೆ. ಆದರೂ ಅಬ್ಬಾನಿಗೆ ಅವಳು ಅಕ್ಕ. ನನ್ನ ಅಮ್ಮ ತೀರಿಕೊಂಡಾಗಿನಿಂದ ಅವಳ ಮನೆಯ ರೊಟ್ಟಿ ಅರಿವೆಯಲ್ಲಿ ಸುತ್ತಿಕೊಂಡು ಗೋಡೆ ದಾಟಿ ಬರುತ್ತಿತ್ತು. ಅಬ್ಬಾ ಊರಲ್ಲಿ ಇಲ್ಲದಾಗ ಕುದುರೆಗೆ ನೀರಿಡುವವಳೂ ಅವಳೇ. ಆ ಬೇಸಿಗೆ ಅವಳ ಹೆಬ್ಬೆರಳಲ್ಲಿ ನರೂಲಿ ಎದ್ದು ರೊಟ್ಟಿ ಬಡಿಯುವಾಗ ನೋಯುತ್ತಿತ್ತು. ಕೇಳಿದಳು, ಅಬ್ಬಾ ಒಂದು ಕೂದಲು ಕೊಟ್ಟ, ಅವಳು ಬೆರಳಿಗೆ ಕಟ್ಟಿಕೊಂಡಳು.

ಸ್ವಲ್ಪ ದಿನಕ್ಕೆ ಕುದುರೆಯ ಬಾಲ ತೆಳ್ಳಗಾಗತೊಡಗಿತು. ಆಮೇಲೆ ಅರ್ಧ ಬೋಳು. ಮದುವೆಯವರು ನೋಡಿ ನೋಡಿ ವಾಪಸ್ ಹೋಗತೊಡಗಿದರು. ಒಂದು ಮುಂಜಾನೆ ಅಬ್ಬಾ ಗೋಡೆಯ ಬಳಿ ನಿಂತು ಕೇಳಿಯೇಬಿಟ್ಟ.

“ಅಕ್ಕಾ, ಒಂದು ಕೊಟ್ರ ಹಿಡಿ ಹಿಡಿ ಕಿತ್ತೀರೇನ್ರಿ? ಓಣಿಗೆಲ್ಲ ಹಂಚಾಕತ್ತೀರೇನು?”

ದೊಡ್ಡವ್ವ ಅವನನ್ನೇ ನೋಡಿದಳು. “ನಾ ಕೇಳದ ಮುಟ್ಟಾಕಿ ಅಲ್ಲ, ತಮ್ಮಾ,” ಅಂದು ಒಳಗೆ ಹೋದಳು. ಅಂದಿನಿಂದ ರೊಟ್ಟಿಯೂ ಇಲ್ಲ, ಮಾತೂ ಇಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. “ಕುತ್ತಿಗಿ ಮ್ಯಾಲಿನ ಕೂದಲಾನೂ ಉದರಾಕತ್ತಾವ. ಅವನ್ನೂ ದೊಡ್ಡವ್ವನೇ ಕಿತ್ತಾಳೇನು?” ಅಂದೆ.

“ನೀ ಸುಮ್ನಿರ ಬೇ,” ಅಂದ ಅಬ್ಬಾ. ನಾನು ಸುಮ್ಮನಿರುವ ಪೈಕಿ ಅಲ್ಲ. ಅಫಜಲಪುರಕ್ಕೆ ಹೋಗಿ ದನದ ಡಾಕ್ಟರನ್ನು ಕರೆದುಕೊಂಡು ಬಂದೆ.

ಡಾಕ್ಟರು ಬಾಲ ನೋಡಿದರು, ಚರ್ಮ ನೋಡಿದರು, ಕೊನೆಗೆ ಮೇವು ತಿನ್ನುವ ಗ್ವಾದಲಿಗೆ ಕೈ ಹಾಕಿ ಒಂದು ಚಪ್ಪಟೆ ಕಾಯಿ ಎತ್ತಿದರು. ಸುಬಾಬುಲ್ ಮರದ್ದು.

“ಇದ್ಯಾಕ ಹಾಕೀರಿ?”

“ಆಡಿಗೆ ಹಾಕ್ತೇನ್ರಿ ಸಾಹೇಬ್ರ, ಭಾಳ ಮೈ ಹಿಡದಾವ. ಬ್ಯಾಸಿಗ್ಯಾಗ ಬದುವಿನ ಮ್ಯಾಲ ಹಸರು ಅಂದ್ರ ಅದೊಂದ ಅದ. ಅದಕ್ಕ ಕುದ್ರೀಗೂ ಹಾಕೇನಿ,” ಅಂದ ಅಬ್ಬಾ.

ಅವರು ಬಿಡಿಸಿ ಹೇಳಿದರು. ಮೈ ಕಟ್ಟುವ ಪ್ರೋಟೀನೆಲ್ಲ ಅಮೈನೋ ಆಮ್ಲಗಳಿಂದ ಆಗಿರುತ್ತದೆ. ಸುಬಾಬುಲ್ ಬೀಜದಲ್ಲೂ ಚಿಗುರಿನಲ್ಲೂ ಮಿಮೋಸಿನ್ ಅನ್ನುವ ಅಮೈನೋ ಆಮ್ಲ ಇದೆ. ನೋಡಲು ಅದೇ ಜಾತಿ, ಆದರೆ ಮೈ ಕಟ್ಟುವುದಿಲ್ಲ, ಕೂದಲಿನ ಬೇರಿನ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಮೆಲುಕು ಹಾಕುವ ಆಡಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಒಡೆದು ಹಾಕುತ್ತವೆ. ಕುದುರೆಗೆ ಆ ಹೊಟ್ಟೆಯಿಲ್ಲ. ವಿಷ ಅಂದರೆ ಕಹಿಯಿರುತ್ತದೆ ಅಂತ ನಾನು ತಿಳಿದಿದ್ದೆ. ನಮ್ಮ ಕುದುರೆ ಅದನ್ನು ಚಪ್ಪರಿಸಿ ತಿಂದಿತ್ತು, ಅಬ್ಬಾ ಪ್ರೀತಿಯಿಂದ ಇನ್ನಷ್ಟು ಹಾಕಿದ್ದ.

ಕಾಯಿ ಹಾಕುವುದು ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಬಾಲದಲ್ಲಿ ಹೊಸ ಕೂದಲು ಬೆರಳುದ್ದ ಬೆಳೆದಿತ್ತು. ಗೋಡೆಯಾಚೆ ಮಾತ್ರ ಏನೂ ಬದಲಾಗಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಹೋಗಿ ಹೇಳು ಅಂದರೆ ಅಬ್ಬಾ ಏನೋ ಒಂದು ಕೆಲಸದ ನೆಪ ತೆಗೆಯುತ್ತಿದ್ದ.

ಕೊನೆಗೊಂದು ದಿನ ಆ ಹೊಸ ಬಾಲದಿಂದ ಒಂದೇ ಒಂದು ಕೂದಲು ಕಿತ್ತು, ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದ. ದೊಡ್ಡವ್ವ ಒಲೆಯ ಮುಂದಿದ್ದಳು.

“ತಪ್ಪು ನಂದೇ ಅಕ್ಕಾ. ಸುಬಾಬುಲ್ ಕಾಯಿ ಹಾಕಿ ನಾನೇ ಉದರಿಸೇನಿ,” ಅಂದು ಕೂದಲು ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ. ಎದ್ದು ಗೋಡೆಯ ಗೂಡಿನಿಂದ ಒಂದು ಕಾಗದದ ಪೊಟ್ಟಣ ತಂದು ಬಿಚ್ಚಿದಳು. ಒಳಗೆ ಉದ್ದನೆಯ ಬಿಳಿ ಕೂದಲು, ಬೇಸಿಗೆಯಲ್ಲಿ ಅಬ್ಬಾ ಕೊಟ್ಟಿದ್ದೇ.

“ನೀ ಆ ಮಾತು ಅಂದ ದಿನಾನೇ ಬಿಚ್ಚಿಟ್ಟೇನಿ.”

ನರೂಲಿ ಅವಳ ಹೆಬ್ಬೆರಳಲ್ಲಿ ಹಾಗೇ ಇತ್ತು, ಮೊದಲಿಗಿಂತ ದಪ್ಪಗೆ. ಇಷ್ಟು ದಿನವೂ ಅದೇ ಕೈಯಲ್ಲಿ ರೊಟ್ಟಿ ಬಡಿದಿದ್ದಳು. ಅಬ್ಬಾ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಆಮೇಲೆ ದೊಡ್ಡವ್ವ ನನ್ನ ಕಡೆ ಕೈ ಚಾಚಿ, “ಕಟ್ಟು ಬೇ,” ಅಂದಳು. ನಾನು ಹಳೆಯ ಕೂದಲನ್ನೇ ಬಿಗಿದು ಕಟ್ಟಿದೆ.