ಪಂಪಾಪತಿ ಮೇಷ್ಟ್ರ ಕಾರಿನ ಎಣ್ಣೆ

ಮಹಾನವಮಿ ಹತ್ತಿರ ಬಂತೆಂದು ಮೊನ್ನೆ ನನ್ನ ಹೆಂಡತಿ ಹಿಂದಿನ ಕೋಣೆಯ ಅಟ್ಟ ಸ್ವಚ್ಛ ಮಾಡುತ್ತಿದ್ದಳು. ನಾನು ಕೆಳಗೆ ನಿಂತು ಅವಳು ಕೊಟ್ಟದ್ದನ್ನು ಇಸಿದುಕೊಳ್ಳುತ್ತಿದ್ದೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಹಬ್ಬದ ಕೆಲಸವೆಂದರೆ ನನ್ನ ಪಾಲಿಗೆ ಬರುವುದು ಇಷ್ಟೇ. ಹಳೆಯ ಉಪ್ಪಿನಕಾಯಿ ಜಾಡಿಗಳ ಹಿಂದಿನಿಂದ ಒಂದು ಗಾಜಿನ ಬಾಟಲಿ ಬಂತು. "ಇದೇನ್ರಿ, ಹುಣಸಿ ತೊಕ್ಕೇನು? ನಾ ಯಾವಾಗ ಹಾಕಿಟ್ಟಿದ್ದೆ?" ಎನ್ನುತ್ತ ಆಕೆ ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಒಯ್ದಳು. ನಾನು ಬೇಡ ಬೇಡ ಎನ್ನುವುದರೊಳಗೆ ಆಕೆ ಸ್ಟೂಲಿನಿಂದ ಬೀಳುವುದೊಂದು ಬಾಕಿ ಉಳಿದಿತ್ತು. ಸುಟ್ಟ ಎಣ್ಣೆಯ ಆ ಕಮಟು ವಾಸನೆ ಕೋಣೆಯ ತುಂಬ ಹರಡಿತು. ಮೂರು ವರ್ಷ ಮುಚ್ಚಿಟ್ಟರೂ ಅದರ ಖಾರ ಒಂದಿಷ್ಟೂ ಇಳಿದಿರಲಿಲ್ಲ.

ಅದು ತೊಕ್ಕಲ್ಲ. ನನ್ನ ಕಾರಿನ ಇಂಜಿನ್ನಿನ ಹೊಟ್ಟೆಯಿಂದ ಚಮಚದಲ್ಲಿ ಕೆರೆದು ತೆಗೆದ ಜಿಡ್ಡು. ಅದನ್ನು ಯಾಕೆ ಉಪ್ಪಿನಕಾಯಿಯ ಪಕ್ಕದಲ್ಲಿ ಜೋಪಾನ ಮಾಡಿದ್ದೀಯಪ್ಪಾ ಎಂದು ನೀವು ಕೇಳುವುದು ಸಹಜ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ಕಾರು ನನ್ನ ಮೇಷ್ಟ್ರದು. ಹಚ್ಚೊಳ್ಳಿಯ ಶಾಲೆಯಲ್ಲಿ ನನಗೆ ಸಮಾಜ ಪಾಠ ಹೇಳಿದ ಪಂಪಾಪತಿ ಮೇಷ್ಟ್ರು. ಕುರುಗೋಡಿನವರು, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಇಸ್ತ್ರಿಯ ಗೆರೆ ಮುರಿಯದ ಬಿಳಿ ಅಂಗಿ. ಅವರ ಬಗ್ಗೆ ನಮ್ಮೂರಿನಲ್ಲಿ ಈಗಲೂ ಹೇಳುವ ಒಂದು ಸಂಗತಿಯಿದೆ. ಸಾಹೇಬರೊಬ್ಬರು ಶಾಲೆ ತಪಾಸಣೆಗೆ ಬಂದು ಹಾಜರಿ ಪುಸ್ತಕ ನೋಡಿ "ಮಕ್ಕಳೆಲ್ಲಾ ಬಂದಾರ, ಭೇಷ್" ಎಂದರಂತೆ. ಮೇಷ್ಟ್ರು ಎದ್ದು ನಿಂತು, "ಇಲ್ಲ ಸಾಹೇಬ್ರ, ಅರ್ಧ ಮಂದಿ ಭತ್ತದ ನಾಟಿಗೆ ಹೋಗ್ಯಾರ. ಹಾಜರಿ ನಾನಾ ಹಾಕೀನಿ" ಎಂದುಬಿಟ್ಟರಂತೆ. ಸಾಹೇಬರು ಕೊಟ್ಟ ಶಿಕ್ಷೆಯನ್ನೂ ತಲೆಬಾಗಿ ತೆಗೆದುಕೊಂಡರು. ಅಂಥವರು ಕಣ್ಣು ಮಂಜಾಗಿ ಕಾರು ಓಡಿಸಲು ಆಗುವುದಿಲ್ಲವೆಂದು ಅದನ್ನು ಮಾರುತ್ತಾರೆಂದಾಗ ನಾನು ಹಿಂದೆಮುಂದೆ ನೋಡಲಿಲ್ಲ.

ಕಾರು ನೋಡಲು ಮದುಮಗಳ ಹಾಗಿತ್ತು. ಹತ್ತು ವರ್ಷದ ಮೇಲಾಗಿದ್ದರೂ ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. "ಇಂಜಿನ್ನಿಗೆ ಈವರೆಗೂ ಯಾರೂ ಕೈ ಹಚ್ಚಿಲ್ಲಪ. ಒಂದು ದಿನ ಬಿಚ್ಚಿಲ್ಲ" ಎಂದರು ಮೇಷ್ಟ್ರು. ನಮ್ಮ ಕಡೆ ಹಳೆಯ ಗಾಡಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನೂ ಊರೆಲ್ಲ ಹಾಗೇ ಹೇಳಿಕೊಂಡು ತಿರುಗಿದೆ.

ನನ್ನ ಕೆಲಸ ಸಿರುಗುಪ್ಪದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ದಿನಾ ಬಳ್ಳಾರಿಯಿಂದ ಹೋಗಿಬರುವುದು. ಮಂದಿಯ ರಕ್ತವನ್ನು ಗಾಜಿನ ಮೇಲೆ ಹಚ್ಚಿ ನೋಡಿ, "ಎಣ್ಣಿ ಪದಾರ್ಥ ಕಡಿಮಿ ಮಾಡ್ರಿ" ಎಂದು ಬುದ್ಧಿ ಹೇಳುವ ಮನುಷ್ಯ ನಾನು. ಕಾರು ತಂದ ಐದು ತಿಂಗಳಲ್ಲಿ ಎರಡು ಸಲ ಮುಂದಿನ ಗಾಜಿನ ಕೆಳಗೆ ಒಂದು ಕೆಂಪು ದೀಪ ಹತ್ತಿತು. ಎರಡು ಸಲವೂ ಪೆಟ್ರೋಲ್ ಬಂಕಿನಲ್ಲಿ ಒಂದೊಂದು ಡಬ್ಬಿ ಎಣ್ಣೆ ಸುರಿಸಿದೆ. ದೀಪ ಆರಿತು. ನನಗೂ ಸಮಾಧಾನವಾಯಿತು.

ಮೂರನೆಯ ಸಲ ಅದು ಹತ್ತಿದ್ದು ತೆಕ್ಕಲಕೋಟೆ ದಾಟಿದ ಮೇಲೆ, ಕಾಲುವೆಯ ಪಕ್ಕದಲ್ಲಿ. ಲ್ಯಾಬು ಮುಟ್ಟಿದ ಮೇಲೆ ನೋಡಿದರಾಯಿತೆಂದು ಇನ್ನೂ ಒಂದು ಮೈಲಿ ಓಡಿಸಿದೆ. ಇಂಜಿನ್ನಿನೊಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ಕಟಕಟ ಶುರುವಾಗಿ ಗಾಡಿ ನಿಂತುಬಿಟ್ಟಿತು. ಸರಕಿನ ಗಾಡಿಯೊಂದಕ್ಕೆ ಹಗ್ಗ ಕಟ್ಟಿ ಬಳ್ಳಾರಿಗೆ ಎಳೆಸಿಕೊಂಡು ಬಂದು, ನನಗೆ ಗೊತ್ತಿದ್ದ ಮೆಕ್ಯಾನಿಕ್ ದಾದಾಪೀರನ ಗ್ಯಾರೇಜಿಗೆ ಬಿಟ್ಟೆ.

ದಾದಾಪೀರ್ ಮಿತಭಾಷಿ. ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿ ಎತ್ತಿದ. ಎತ್ತಿದವನು ಹಾಗೇ ನಿಂತ. "ಯಾ ಅಲ್ಲಾ" ಎಂದ. ನಾನು ಬಗ್ಗಿ ನೋಡಿದೆ. ಕಬ್ಬಿಣ ಕಾಣಲೇ ಇಲ್ಲ. ಒಳಗೆಲ್ಲ ಕಪ್ಪು, ತಳ ಹಿಡಿದ ಅಂಬಲಿಯ ಹಾಗೆ ದಪ್ಪಗೆ, ಪದರ ಪದರವಾಗಿ ಕೂತಿತ್ತು. ದಾದಾಪೀರ್ ಚಹಾದ ಚಮಚ ತೆಗೆದುಕೊಂಡು ಅದರಲ್ಲಿ ಚುಚ್ಚಿದ. ಚಮಚ ನೆಟ್ಟಗೆ ನಿಂತುಕೊಂಡಿತು. ದಿನಾ ಎಂಥೆಂಥ ರಕ್ತ ನೋಡುವ ನಾನೇ ಮುಖ ಆಚೆ ತಿರುಗಿಸಿದೆ.

"ಸರ್, ಈ ಗಾಡೀದು ಎಣ್ಣಿ ಹುಟ್ಟಿದಾಗಿಂದ ಇಳಿಸೇ ಇಲ್ರಿ. ಮ್ಯಾಲೆ ಮ್ಯಾಲೆ ಹಾಕ್ಯಾರ" ಎಂದ ದಾದಾಪೀರ್. "ಕೆಳಗ ಎಣ್ಣಿ ಎಳಿಯೋ ಜಾಲರಿ ಪೂರಾ ಬಂದ್ ಆಗೈತಿ. ಇಷ್ಟು ದಿನ ಹೆಂಗ ಓಡ್ತೋ."

ನನ್ನ ತಲೆಗೆ ರಕ್ತ ಏರಿತು. ಯಾರೂ ಕೈ ಹಚ್ಚಿಲ್ಲವಂತೆ! ಸತ್ಯವಂತರಂತೆ! ಒಂದು ಖಾಲಿ ಬಾಟಲಿ ಕೊಡೆಂದೆ. "ಇದನ್ನ ತಗೊಂಡು ಏನ್ ಮಾಡ್ತೀರ್ರಿ?" ಎಂದ ಅವನು. "ಒಬ್ಬರಿಗೆ ತೋರಿಸೋದೈತಿ" ಎಂದೆ. ಅವನು ನನ್ನ ಮುಖ ನೋಡಿ ಬಾಟಲಿ ತುಂಬಿಸಿ ಕೊಟ್ಟ.

ಕೊಳಗಲ್ಲು ಊರಿನ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರುಗೋಡಿಗೆ ಹೊರಟೆ. ಪಕ್ಕದ ಮುದುಕಿ ಅದನ್ನೇ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ, "ಯಪ್ಪಾ, ಇದು ಕೂದ್ಲಕ್ಕ ಹಚ್ಚೋದೇನು?" ಎಂದು ಕೇಳಿದಳು. ಮತ್ತೆ ಯಾವಾಗಲಾದರೂ ಆಗಿದ್ದರೆ ನಕ್ಕಿರುತ್ತಿದ್ದೆ. ಅವತ್ತು ನಾನು ದಾರಿಯುದ್ದಕ್ಕೂ ಮಾತುಗಳನ್ನು ಮಸೆಯುತ್ತ ಕೂತಿದ್ದೆ.

ಮೇಷ್ಟ್ರು ಮನೆಯ ಕಟ್ಟೆಯ ಮೇಲೆ ನಾಲ್ಕು ಮಂದಿಯ ಜೊತೆ ಹರಟುತ್ತಿದ್ದರು. "ಬಾರಪ, ಕಾರು ಎಲ್ಲಿ?" ಎಂದರು. ನಾನು ಬಾಟಲಿಯನ್ನು ಅವರ ಮುಂದೆ ಕುಕ್ಕಿದೆ. "ಇದೇ ನೋಡ್ರಿ ನಿಮ್ಮ ಕಾರು. ಸುಳ್ಳು ಹೇಳಿ ಮಾರಿದ್ರಿ. ನಿಮ್ಮಂಥವರೂ ಸುಳ್ಳುಗಾರರು ಆದ್ರ ನಾವು ಯಾರನ್ನ ನಂಬಬೇಕು?" ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಹೋದರು. ಆ ನಾಲ್ಕು ಜೊತೆ ಚಪ್ಪಲಿಯ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಬಾಟಲಿಯೊಳಗೆ ಬೆರಳು ಅದ್ದಿ, ಕಣ್ಣಿನ ಹತ್ತಿರ ತಂದು ನೋಡಿದರು. "ನಾ ಒಂದು ಸಲ ತಪ್ಪದಂಗ ಎಣ್ಣಿ ಹಾಕೀನಲ್ಲೋ" ಎಂದರು.

"ಹಾಕೀರಿ. ಹಳೇದು ತೆಗಸೀರೇನು?"

"ತೆಗಿಯೋದಾ?" ಮೇಷ್ಟ್ರು ನಿಜವಾಗಿ ಗಾಬರಿಯಾದರು. "ಅದನ್ನ ಯಾಕ ತೆಗಿಬೇಕು?"

ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ದೇವರ ಮನೆಯಲ್ಲಿ ಕಂಚಿನ ದೀಪವೊಂದು ಉರಿಯುತ್ತಿತ್ತು. ಅವರ ತಾಯಿ ಆ ಮನೆಗೆ ಸೊಸೆಯಾಗಿ ಬಂದ ದಿನ ಹಚ್ಚಿದ ನಂದಾದೀಪ. ಅಂದಿನಿಂದ ಅದನ್ನು ಯಾರೂ ಆರಗೊಟ್ಟಿರಲಿಲ್ಲ. "ಕಾರಿನಾಗ ಕೆಂಪಗ ಒಂದು ಚಿತ್ರ ಬರ್ತತಲ್ಲ, ನೋಡೀಯೇನು? ಹಣತಿ ಹಂಗ, ಮೂತಿಯಿಂದ ಒಂದು ಹನಿ ಬೀಳ್ತಿರ್ತತಿ. ದೀಪ ಎಣ್ಣಿ ಕೇಳಾಕತ್ತೈತಿ ಅಂತ ಹಾಕ್ತಿದ್ದೆ. ಆಯುಧಪೂಜಿ ದಿನ ಕೇಳದಿದ್ರೂ ಹಾಕ್ತಿದ್ದೆ. ದೀಪದ ಎಣ್ಣಿ ಯಾರಾರ ಹೊರಗ ಚೆಲ್ತಾರೇನಪ?"

ಹಿತ್ತಲಿನಲ್ಲಿ ಸಾಲಾಗಿ ಎಣ್ಣೆಯ ಖಾಲಿ ಡಬ್ಬಿಗಳಿದ್ದವು. ಎಲ್ಲವೂ ಅತ್ಯಂತ ಒಳ್ಳೆಯ ಎಣ್ಣೆಯವು. ತೊಳೆದು, ಮಣ್ಣು ತುಂಬಿ, ತುಳಸಿ, ದೊಡ್ಡಪತ್ರೆ, ದವನ ಹಚ್ಚಿದ್ದರು. ನಾನು ದಂಗಾಗಿ ನಿಂತೆ. ಇಂಜಿನ್ ತೆರೆದಾಗ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಆ ಮನುಷ್ಯ ಒಂದು ಸುಳ್ಳೂ ಹೇಳಿರಲಿಲ್ಲ. ಅಕ್ಕರೆಯಿಂದಲೇ ಆ ಇಂಜಿನ್ನಿನ ಉಸಿರು ಕಟ್ಟಿಸಿದ್ದರು. ನಾನೋ, ಅದೇ ಚಿತ್ರ ನೋಡಿ ಎರಡು ಡಬ್ಬಿ ಸುರಿಸಿದ್ದೆ, ಯಾವ ಭಕ್ತಿಯೂ ಇಲ್ಲದೆ. ತಪ್ಪಾಯಿತು ಎನ್ನಬೇಕಿತ್ತು, ಎನ್ನಲಿಲ್ಲ. ಬಾಟಲಿ ಎತ್ತಿಕೊಂಡು ಕಳ್ಳನ ಹಾಗೆ ಬಸ್ಸು ಹತ್ತಿದೆ.

ಇತ್ತ ದಾದಾಪೀರ್ ಇಂಜಿನ್ನಿನ ಕೆಳಗಿನ ಎಣ್ಣೆಯ ತೊಟ್ಟಿ ಬಿಚ್ಚಿ, ಜಾಲರಿ ತೆಗೆದು, ಮೂರು ದಿನ ಕೂತು ಕೆರೆದ. ಯಾವುದಾದರೂ ಔಷಧ ಸುರಿದು ಒಮ್ಮೆಗೇ ತೊಳೆದುಬಿಡಬಾರದೇ ಎಂದು ಕೇಳಿದೆ. "ಹಂಗ ಮಾಡಬಾರದ್ರಿ" ಎಂದ. "ಗಡ್ಡಿ ಗಡ್ಡಿ ಕಿತ್ತು ಬಂದು ಸಣ್ಣ ತೂತಿಗೆ ಸಿಕ್ಕೊಂತಾವ. ಖತಂ. ಕೈಲೆ ಎಷ್ಟು ಬರ್ತತೋ ಅಷ್ಟು ತೆಗಿಯೋಣ. ಉಳದಿದ್ದು ಹೊಸ ಎಣ್ಣಿನಾ ನಿಧಾನಕ್ಕ ಕರಗಸ್ತತಿ. ಒಂದು ಅರವತ್ತು ಕಿಲೋಮೀಟರ್ ಸಾವಕಾಶ ಹೋಗಿ ಬರ್ರಿ, ಇಳಿಸಿ ಬ್ಯಾರೆ ಹಾಕ್ತೀನಿ. ಮತ್ತ ಹೋಗಿ ಬರ್ರಿ."

ಬಳ್ಳಾರಿಯಿಂದ ಕುರುಗೋಡಿಗೆ ಹೋಗಿ ಬಂದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಬೇರೆ ಕಡೆ ಹೋಗಬಹುದಿತ್ತು, ರಸ್ತೆಗಳಿಗೇನು ಬರವೇ? ಆದರೂ ಸ್ಟಿಯರಿಂಗು ಆ ಕಡೆಗೇ ತಿರುಗಿತು. ಮೊದಲ ಸಲ ಮೇಷ್ಟ್ರ ಮನೆಯ ಮುಂದೆ ಕಾರು ನಿಲ್ಲಿಸಿ ಇಳಿಯದೆ ಕೂತಿದ್ದೆ. ಅವರೇ ಬಂದು, "ಮುಂದಿನ ಮುಚ್ಚಳ ತೆಗಿ, ನೋಡೋಣ" ಎಂದರು. ಎಣ್ಣೆ ಅಳೆಯುವ ಕಡ್ಡಿ ಎಲ್ಲಿದೆ, ಹೇಗೆ ಎಳೆಯಬೇಕೆಂದು ತೋರಿಸಿದೆ. ಬಿಳಿ ಟವೆಲ್ಲಿನಲ್ಲಿ ಒರೆಸಿ, ಮತ್ತೆ ಅದ್ದಿ, ಮಂಜುಗಣ್ಣಿನ ಹತ್ತಿರ ಹಿಡಿದರು. "ಇನ್ನಾ ಕರ್ರಗೈತಿ" ಎಂದರು. ಎರಡನೆಯ ಸಲ "ಪರವಾಗಿಲ್ಲ" ಎಂದರು. ಇಬ್ಬರೂ ಅವತ್ತಿನ ಮಾತು ಎತ್ತಲಿಲ್ಲ. ಅವರ ಹೆಂಡತಿ ಶಂಕ್ರಮ್ಮ ಚಹಾ ಕೊಟ್ಟರು. ಕಟ್ಟೆಯ ಆ ನಾಲ್ಕು ಮಂದಿ ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಮೂರನೆಯ ಸಲ ಹೋದಾಗ ಕಟ್ಟೆಯ ಮೇಲೆ ಮೇಷ್ಟ್ರಿರಲಿಲ್ಲ. ಒಳಗೆ ಶಂಕ್ರಮ್ಮ ಕಂಬಕ್ಕೆ ಒರಗಿ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ದೇವರ ಮನೆ ಕತ್ತಲಾಗಿತ್ತು. "ದೀಪ ಯಾಕ ಆರೈತ್ರಿ?" ಎಂದೆ.

"ಅತ್ತಿ ಹಚ್ಚಿದ್ದಪಾ. ಬ್ಯಾಡ್ರಿ ಬ್ಯಾಡ್ರಿ ಅಂದೆ, ಕೇಳ್ಲಿಲ್ಲ. ತಾವಾ ಆರಿಸಿದ್ರು" ಎಂದರು.

ಮೇಷ್ಟ್ರು ಹಿತ್ತಲಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ತೆಂಗಿನ ನಾರು, ಹುಣಸೆಹಣ್ಣು ಹಾಕಿ ಆ ಕಂಚಿನ ದೀಪವನ್ನು ತಿಕ್ಕುತ್ತಿದ್ದರು. ಪಕ್ಕದ ಕಲ್ಲಿನ ಮೇಲೆ ಕಪ್ಪನೆಯ ಗಟ್ಟಿ ಜಿಡ್ಡಿನ ಗುಡ್ಡೆ. "ನಿನ್ನ ಬಾಟ್ಲಿಯೊಳಗಿಂದೇ, ನೋಡು" ಎಂದರು. "ನಾಕು ಬೆರಳು ಕುಂತಿತ್ತು. ಬತ್ತಿ ಉರಿಯಾಕತ್ತೈತಿ ಅಂತ ನಾ ತಳಾನ ನೋಡಿರಲಿಲ್ಲ." ತಾಯಿಯ ದೀಪವನ್ನು ಆರಿಸಿದ ಕೈಯೇ ಅದನ್ನು ತಿಕ್ಕುತ್ತಿತ್ತು. ನಾನು ಆ ಬಾಟಲಿಯನ್ನು ಈ ಮನೆಗೆ ತರಬಾರದಿತ್ತು ಎನ್ನಿಸಿತು.

ದೀಪ ಒರೆಸಿ, ಒಳಗಿಟ್ಟು, ಹೊಸ ಎಣ್ಣೆ, ಹೊಸ ಬತ್ತಿ ಹಾಕಿದರು. ಕಡ್ಡಿಪೆಟ್ಟಿಗೆಯನ್ನು ನನ್ನ ಕಡೆ ಚಾಚಿದರು.

"ನಾನಾ ಸರ್?"

"ಮತ್ಯಾರು? ಬಾಟ್ಲಿ ತಂದಾಂವ ನೀನಲ್ಲೇನು? ಹಚ್ಚು."

ಎರಡು ಕಡ್ಡಿ ಮುರಿದವು. ಮೂರನೆಯದು ಹತ್ತಿತು. ಕಂಚಿಗೆ ಆ ಹೊಂಬಣ್ಣ ಇದ್ದದ್ದು ಶಂಕ್ರಮ್ಮನವರಿಗೂ ಗೊತ್ತಿರಲಿಲ್ಲವಂತೆ. ಅಲ್ಲಿಯಾದರೂ ತಪ್ಪಾಯಿತೆಂದು ಹೇಳಬೇಕಿತ್ತು ನಾನು. ಅಲ್ಲಿಯೂ ಹೇಳಲಿಲ್ಲ. ಬಾಟಲಿಯನ್ನು ಮಾತ್ರ, ಮರೆಯಬಾರದೆಂದು, ಮನೆಯ ಅಟ್ಟದ ಮೇಲಿಟ್ಟೆ.

ಇಷ್ಟನ್ನೂ ಮೊನ್ನೆ ಹೆಂಡತಿಗೆ ಭಾವುಕನಾಗಿ ಹೇಳಿದೆ. ಆಕೆ ಮೂಗು ಒರೆಸಿಕೊಳ್ಳುತ್ತ, "ಅದಿರ್ಲಿ, ಈಗ ನಮ್ಮ ಕಾರಿನ ಎಣ್ಣಿ ಬದಲಿಸಿ ಎಷ್ಟು ದಿನಾತು?" ಎಂದಳು.

ನಾನು ಲೆಕ್ಕ ಹಾಕಲು ಹೋದೆ. ಹೋದ ದಸರಾಕ್ಕೆ? ಅದರ ಹಿಂದಿನದಕ್ಕೆ? ಹೊರಗೆ ಓಡಿ ಬಾನೆಟ್ ಎತ್ತಿ ಕಡ್ಡಿ ಎಳೆದೆ. ಕಪ್ಪು, ಕಾಡಿಗೆಯಂಥ ಕಪ್ಪು. ಬಾಟಲಿ ಅಟ್ಟದ ಮೇಲಿತ್ತು, ಪಾಠ ಅದರ ಜೊತೆಗೇ ಅಲ್ಲೇ ಇತ್ತು.

ಕಡ್ಡಿಯನ್ನು ಕೈಯಲ್ಲಿ ಹಿಡಿದೇ ಕುರುಗೋಡಿಗೆ ಫೋನ್ ಹಚ್ಚಿದೆ. "ಸರ್, ಅವತ್ತು ನಾಕು ಮಂದಿ ಮುಂದ ನಿಮ್ಮನ್ನ ಸುಳ್ಳುಗಾರ ಅಂದೆ. ತಪ್ಪಾತ್ರಿ" ಎಂದೆ. ಮೂರು ವರ್ಷ ಗಂಟಲಲ್ಲಿ ಕೂತಿದ್ದು ಒಂದೇ ಉಸಿರಿಗೆ ಬಂತು.

"ಇವತ್ಯಾಕ ನೆನಪಾತಪ?" ಎಂದರು. ಕಡ್ಡಿಯ ಸಂಗತಿ ಹೇಳಿದೆ.

"ಬೆರಳಿಗೆ ಹಚ್ಚಿ ನೋಡು. ಹರಿತೈತೋ, ಅಂಟ್ತೈತೋ?"

"ಹರಿತೈತ್ರಿ ಸರ್."

"ಹಂಗಾರ ಇನ್ನಾ ಕೆಟ್ಟಿಲ್ಲ. ಇವತ್ತಾ ಇಳಿಸಿ, ಹೊಸಾದು ಹಾಕಿಸ್ಕೊಂಡು ಸೀದಾ ಇಲ್ಲಿಗೆ ಬಾ. ಕಡ್ಡಿ ನಾನಾ ಎಳೆದು ನೋಡ್ತೀನಿ" ಎಂದರು ಪಂಪಾಪತಿ ಮೇಷ್ಟ್ರು. "ನಿನ್ನ ಮಾತು ನಾ ನಂಬಂಗಿಲ್ಲ."