ಪುಟ್ಟಸಿದ್ದಯ್ಯನ ತಣ್ಣನೆ ಹಾಸಿಗೆ

ಕೊಳ್ಳೇಗಾಲದ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಹನೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ಪುಟ್ಟಸಿದ್ದಯ್ಯ ಮಂಡಿಯೂರಿ ಫೋಮ್ ಹಾಸಿಗೆಗೆ ತೂತು ಕೊರೆಯುತ್ತಿದ್ದಾರೆ. ಅದೂ ಹೊಚ್ಚ ಹೊಸ ಹಾಸಿಗೆಗೆ! ನೋಡಿದವರು ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಕು. ಬಾಯಿ ಚೂಪು ಮಾಡಿದ ಕಬ್ಬಿಣದ ಕೊಳವೆಯನ್ನು ಒತ್ತಿ ತಿರುಗಿಸಿದರೆ ಬೆರಳು ಗಾತ್ರದ ತುಂಡು ಹೊರಬರುತ್ತದೆ. ಒಂದು ಹಾಸಿಗೆಗೆ ಇಂಥವು ನಾನೂರು. ಮೇಲೊಂದು ಪದರ ಬೂರುಗದ ಅರಳೆ, ಅದರ ಮೇಲೆ ಕೋರಾ ಬಟ್ಟೆಯ ಹೊಲಿಗೆ. ವಾರಕ್ಕೆ ಎರಡು ಹಾಸಿಗೆ ಮುಗಿದರೆ ಹೆಚ್ಚು.

“ಫೋಮು ಮೈಬಿಸಿನ ಇಡ್ಕತದೆ ಸಾ, ಬುಡಾಕಿಲ್ಲ. ಗಾಳಿ ಆಡಾಕೆ ದಾರಿ ಬ್ಯಾಡ್ವಾ?”

ಎಂಬತ್ತರ ದಶಕದಲ್ಲಿ ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಯಳಂದೂರಿನವರೆಗೂ ಮನೆಮನೆ ತಿರುಗಿದ ಜೀವ ಇದು. ಆಮೇಲೆ ಫೋಮ್ ಬಂತು. ಅರಳೆಯ ಹಾಗೆ ಗಂಟು ಕಟ್ಟುವುದಿಲ್ಲ, ವರ್ಷ ವರ್ಷ ಹಿಂಜಿಸುವ ಗೋಜಿಲ್ಲ. ಜನ ಮುಗಿಬಿದ್ದರು. ಪುಟ್ಟಸಿದ್ದಯ್ಯನೂ ಬಿಲ್ಲನ್ನು ಅಟ್ಟಕ್ಕೆ ಹಾಕಿ ಫೋಮ್ ಮಾರತೊಡಗಿದರು.

ತೊಂಬತ್ತೇಳರ ಬೇಸಿಗೆ. ಹೆಂಡತಿ ದೊಡ್ಡಬಸಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಇದ್ದುದರಲ್ಲೇ ದಪ್ಪನೆಯ ಫೋಮ್ ತಂದು ಹಾಸಿದ ಗಂಡನಿಗೆ ಎಂಥ ಹೆಮ್ಮೆ! ಹೊಸದು ಕೊಳೆಯಾಗಬಾರದು ಅಂತ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆಯಲಿಲ್ಲ. ನಾವೆಲ್ಲ ಮಾಡುವುದೂ ಅದನ್ನೇ ಬಿಡಿ.

“‘ಬೆನ್ನು ಬೇಯ್ತದೆ ಕಣ್ರಿ, ನನ್ ಅರಳೆ ಹಾಸ್ಗೆನೇ ಹಾಕ್ಬುಡ್ರಿ’ ಅಂದ್ಲು. ‘ಊರೋರೆಲ್ಲ ಕೇಳಿ ತಕತಾವ್ರೆ, ನಿಂಗೊಬ್ಬಳಿಗೇನ್ಲೇ ಬಂದಿರೋದು’ ಅಂತ ರೇಗುದ್ನಲ್ಲಾ ಸಾ! ಆಮ್ಯಾಕೆ ಅವಳು ಕೇಳ್ನೇ ಇಲ್ಲ.”

ಒಂದೂವರೆ ತಿಂಗಳಿಗೆ ದೊಡ್ಡಬಸಮ್ಮ ತೀರಿಕೊಂಡರು. ಹೆಣ ಎತ್ತುವಾಗ ಬೆನ್ನ ತುಂಬ ಕೆಂಪು ಗುಳ್ಳೆ. ಕೆಳಗಿನ ಪ್ಲಾಸ್ಟಿಕ್ ಬೆವರಿನಿಂದ ತೊಯ್ದಿತ್ತು.

“ಅವತ್ತು ಆ ಹಾಸ್ಗೆನ ಮುಟ್ಟಿ ನೋಡ್ದೆ. ಅಲ್ಲೀಗಂಟ ಒಂದಿನಾನೂ ಮುಟ್ಟಿರ್ನಿಲ್ಲ” ಎನ್ನುವ ಪುಟ್ಟಸಿದ್ದಯ್ಯ ಮುಂದಿನ ತೂತಿಗೆ ಕೊಳವೆ ಒತ್ತುತ್ತಾರೆ.

ಅರಳೆ ಗಂಟು ಕಟ್ಟುತ್ತದೆ, ಫೋಮ್ ಬೇಯಿಸುತ್ತದೆ; ಹಾಗಾಗಿ ಫೋಮಿಗೇ ತೂತು ಕೊರೆಯತೊಡಗಿದರು. ಮೊದಮೊದಲು ಕೊರೆದ ಹಾಸಿಗೆಗಳು ತೂತು ಹೆಚ್ಚಾಗಿ ಕುಸಿದವು, ಇಲ್ಲವೇ ಕಡಿಮೆಯಾಗಿ ಬಿಸಿಯಾದವು. ಅಳತೆ ಕೈಗೆ ಹತ್ತಲು ಮೂರು ಬೇಸಿಗೆ ಹಿಡಿಯಿತು. ಇದು ಎರಡು ಸಾವಿರದ ನಾಲ್ಕನೇ ಇಸವಿ. ಈಗ ಮಲಗಿದಲ್ಲೇ ಇರುವವರ ಮನೆಗಳಿಂದಲೇ ಹೆಚ್ಚು ಕರೆ.

ಮೊನ್ನೆಯೇ ಮುಗಿಸಿಟ್ಟ ಹಾಸಿಗೆಯೊಂದನ್ನು ಈವತ್ತು ಬಸ್ಸಿಗೆ ಹೇರಿಕೊಂಡು ಮಾರ್ಟಳ್ಳಿಯ ದೊಡ್ಡಮಾದಮ್ಮನ ಮನೆಗೆ ಬಂದಿದ್ದಾರೆ. ಆಕೆಗೆ ಎರಡು ವರ್ಷದಿಂದ ಕಾಲು ಸ್ವಾಧೀನವಿಲ್ಲ. ಬಸ್ಸಿನ ಧೂಳಿಗೆಂದು ಸುತ್ತಿದ್ದ ಪ್ಲಾಸ್ಟಿಕ್ಕನ್ನು ಕಂಡು ಅಜ್ಜಿಗೆ ಆಸೆ: “ಅದು ಇರ್ಲಿ ಕಣಪ್ಪಾ, ಹೊಸಾದು ಗಲೀಜಾಯ್ತದೆ.”

“ಆಗ್ಲಿ ಬುಡವ್ವಾ” ಎಂದು ಪುಟ್ಟಸಿದ್ದಯ್ಯ ಪರಪರ ಹರಿದು ಹಾಕುತ್ತಾರೆ. ಅಜ್ಜಿಯನ್ನು ಮಲಗಿಸಿ ಅರ್ಧ ಗಂಟೆ ಪಕ್ಕದಲ್ಲೇ ಕೂತಿರುತ್ತಾರೆ. ಆಮೇಲೆ ಬೆನ್ನಡಿಗೆ ಮೆಲ್ಲಗೆ ಕೈ ತೂರಿಸಿ ನೋಡುತ್ತಾರೆ. ಯಾವ ಮನೆಗೆ ಹೋದರೂ ಹೀಗೆಯೇ.

“ತಣ್ಣಗದೆ ಸಾ” ಎನ್ನುತ್ತಾರೆ. ಕೈಯನ್ನು ಅಲ್ಲಿಂದ ತೆಗೆಯುವುದಿಲ್ಲ. “ಅವಳು ಇನ್ನೊಂದ್ಸಲ ಕೇಳಿದ್ರೆ ಅರಳೆ ಹಾಸ್ಗೆ ಹಾಕ್ಕೊಡ್ತಿದ್ನೇನೋ. ನಾನು ರೇಗ್ಬಾರ್ದಾಗಿತ್ತು.”