ಗೇಣು ಮೇಸ್ತ್ರಿ ಮತ್ತು ನನ್ನ ಹನ್ನೊಂದು ಪೆಟ್ಟಿಗೆ

ನನ್ನ ಅಕ್ಕನ ಗಂಡನನ್ನು ಊರೆಲ್ಲ ಗೇಣು ಮೇಸ್ತ್ರಿ ಎಂದೇ ಕರೆಯುತ್ತದೆ. ಮನೆಗಳಿಗೆ ಸೋಲಾರ್ ಇನ್ವರ್ಟರ್ ಕೂರಿಸುವುದು ಭಾವನ ಕೆಲಸ. ಗೋಡೆಯ ಮೇಲೆ ಜಾಗ ಗುರುತಿಸಿದ ಮೇಲೆ ನಾಲ್ಕೂ ಕಡೆ ಗೇಣು ಹಾಕಿ ನೋಡುತ್ತಾರೆ. ಜೇಬಿನಲ್ಲಿ ಟೇಪು ಇರುತ್ತದೆ, ಆಮೇಲೆ ಅದರಿಂದಲೂ ಅಳೆಯುತ್ತಾರೆ, ಆದರೆ ಮೊದಲು ಗೇಣು. ಇನ್ವರ್ಟರಿಗೆ ಸುತ್ತ ಗಾಳಿ ಆಡಬೇಕು. ಯಾರಾದರೂ ಮನೆಯೊಡತಿ, ಬೀರುವಿನ ಹಿಂದಿನ ಸಂದಿಯಲ್ಲಿ ಹಾಕಿಬಿಡಿ, ಕಣ್ಣಿಗೆ ಬೀಳಬಾರದು ಎಂದರೆ, "ನಿಮ್ಮನ್ನ ಆ ಸಂದೀಲಿ ಒಂದು ಮಧ್ಯಾಹ್ನ ನಿಲ್ಲಿಸ್ಲಾ ಅಮ್ಮ?" ಎಂದು ಕೇಳುತ್ತಾರೆ. ಆಕೆ ನಕ್ಕು ಒಳ್ಳೆಯ ಗೋಡೆಯನ್ನೇ ಬಿಟ್ಟುಕೊಡುತ್ತಾಳೆ.

ನನಗೆ ಆ ನಯ ಇಲ್ಲ. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ. ಇಪ್ಪತ್ತು ವರ್ಷ ಮನೆ ವೈರಿಂಗ್ ಮಾಡಿ, ಕಂಟ್ರಾಕ್ಟರ್ ಜೊತೆ ಜಗಳವಾಡಿಕೊಂಡು ಮನೆಯಲ್ಲಿ ಕೂತಿದ್ದಾಗ ಕರೆದು ಹೊಸ ಕೆಲಸ ಕಲಿಸಿದವರು ಭಾವ. ಅವರಿಗೆ ನಾನು ಋಣಿ ಎಂದು ಬರೆದರೆ ಓದಿ ನಗುತ್ತಾರೆ. ನಗಲಿ, ಬರೆಯುತ್ತೇನೆ.

ಸ್ವಂತ ಲೈಸೆನ್ಸ್ ಪಡೆಯಬೇಕೆಂಬುದು ಆಗ ನನ್ನ ಒಂದೇ ಹಂಬಲ. ಅದಕ್ಕೆ ಲೈಸೆನ್ಸ್ ಇದ್ದವರ ಕೈಕೆಳಗೆ ಮೂರು ವರ್ಷ ದುಡಿದು, ಇವನ ಕೆಲಸವನ್ನು ನಂಬಬಹುದು ಎಂದು ಅವರ ಸಹಿ ಹಾಕಿಸಿಕೊಳ್ಳಬೇಕು. ಎರಡು ವರ್ಷ ಹತ್ತು ತಿಂಗಳು ಮುಗಿದಿತ್ತು.

ಸೋಲಾರ್ ಹಾಕಿದ ಮನೆಯ ಹೊರಗೋಡೆಗೆ ಒಂದು ಸ್ವಿಚ್ ಪೆಟ್ಟಿಗೆ ಇರಲೇಬೇಕು. ಕಂಬ ಹತ್ತುವ ಲೈನ್‌ಮನ್‌ಗೂ ಬೆಂಕಿ ಆರಿಸಲು ಬರುವವರಿಗೂ ಅದು ಕೈಗೆ ಎಟುಕಬೇಕು. ಹಿಡಿ ಇಳಿಸಿದರೆ ಚಾವಣಿಯ ಕರೆಂಟು ಬೀದಿಯ ಕರೆಂಟಿನಿಂದ ಬೇರೆಯಾಗುತ್ತದೆ. ಪೆಟ್ಟಿಗೆಯೊಳಗೆ ಮೇಲಿನ ತುದಿಗಳಿಗೆ ಮರೆ ಇರುತ್ತದೆ, ಕೆಳಗಿನ ತಾಮ್ರದ ಪಟ್ಟಿಗಳು ಬಯಲು. ಕರೆಂಟು ಬರುವ ತಂತಿ ಮೇಲೆ, ಹೋಗುವ ತಂತಿ ಕೆಳಗೆ, ಇದು ನನ್ನ ಇಪ್ಪತ್ತು ವರ್ಷದ ರೂಢಿ. ಸೋಲಾರಿನಲ್ಲಿ ಕರೆಂಟು ಬರುವುದು ಚಾವಣಿಯಿಂದ ತಾನೇ? ಹಾಗೆಂದು ಚಾವಣಿಯ ತಂತಿಯನ್ನು ಮೇಲೆ ಬಿಗಿದೆ, ಬೀದಿಯದನ್ನು ಕೆಳಗೆ. ಹಿಡಿ ಇಳಿಸಿದ ಕೂಡಲೇ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ, ಬೀದಿಯ ಕರೆಂಟು ಮಾತ್ರ ಆ ಬಯಲು ಪಟ್ಟಿಗಳಲ್ಲಿ ಉಳಿದೇ ಇರುತ್ತದೆ ಎಂಬುದು ಈ ಜಾಣನ ತಲೆಗೆ ಹೊಳೆಯಲಿಲ್ಲ. ಭಾವ ಒಳಗೆ ಇನ್ವರ್ಟರ್ ಕೂರಿಸುವಾಗ ನಾನು ಹೊರಗೆ ಇಂಥ ಪೆಟ್ಟಿಗೆ ಹನ್ನೊಂದು ಹಾಕಿದೆ.

ಒಂದು ಬೆಳಿಗ್ಗೆ ಬೇಕರಿಯೊಂದರ ಗೋಡೆಗೆ ನಾನು ಹಾಕಿದ್ದ ಪೆಟ್ಟಿಗೆಯಲ್ಲಿ ಸಡಿಲವಾದ ಸ್ಕ್ರೂ ಬಿಗಿಯಲು ಭಾವ ಸ್ಟೂಲ್ ಹತ್ತಿ ಮುಚ್ಚಳ ತೆಗೆದರು.

"ಟೆಸ್ಟರ್ ಕೊಡೋ," ಎಂದರು.

ಅದು ಚೀಲದ ತಳದಲ್ಲೆಲ್ಲೋ ಇತ್ತು. "ಹಿಡಿ ನಾನೇ ಇಳ್ಸಿದ್ದೀನಿ ಭಾವ, ಇನ್ನೇನು ಟೆಸ್ಟರ್ರು!" ಎಂದು ಸಿಡುಕಿದೆ.

ಯಾವ ತಂತಿಯನ್ನೂ ನಂಬದ ಮನುಷ್ಯ ನನ್ನ ಮಾತು ನಂಬಿದರು. ಮರುಕ್ಷಣ ಸ್ಟೂಲಿನಿಂದ ನೆಲಕ್ಕೆ ಬಿದ್ದಿದ್ದರು. ಬಲಗೈ ಸುಟ್ಟಿತ್ತು. ಬೇಕರಿಯವರು ಗಾಡಿ ತರಲು ಓಡಿದರು. ಭಾವ ಮಲಗಿದಲ್ಲಿಂದಲೇ ತೆರೆದ ಪೆಟ್ಟಿಗೆಯನ್ನು ದಿಟ್ಟಿಸಿದರು.

"ಬೀದಿ ತಂತಿ ಕೆಳಗೆ ಹಾಕಿದ್ದೀಯ. ಇನ್ನೆಷ್ಟು ಕಡೆ ಹೀಗಿದೆ?"

"ಹತ್ತು."

"ಇವತ್ತೇ ಹತ್ತಕ್ಕೂ ಬೀಗ ಜಡಿ. ಆಮೇಲೆ ಮೇನ್ ತೆಗೆದು, ಟೆಸ್ಟರ್ ಇಟ್ಟು ನೋಡಿ, ಒಂದೊಂದಾಗಿ ಬದ್ಲಾಯ್ಸು. ಯಾಕೆ ಅಂತ ಮನೆಯವರಿಗೆ ಹೇಳು. ಆಸ್ಪತ್ರೆಗೆ ನಿಮ್ಮಕ್ಕ ಬರ್ತಾಳೆ, ನೀನು ಬೇಡ."

ಮೊದಲ ಮನೆ ಒಬ್ಬ ದರ್ಜಿ ಅಮ್ಮನದು. "ಸುಮ್ಮನೆ ಒಂದು ಚೆಕಪ್ಪು," ಎಂದು ಹಲ್ಲುಕಿರಿದು ಬೀಗ ಹಾಕಿದೆ. ಆಕೆ ನನ್ನ ಕಾಳಜಿಯನ್ನು ಹೊಗಳಿ ಟೀ ಕೊಟ್ಟಳು. ಕುಡಿದು ಹೊರಟೆ. ಬೀದಿಯ ತಿರುವಿನಲ್ಲಿ ಫೋನ್ ಬಂತು. ಆಸ್ಪತ್ರೆಯಲ್ಲಿ ಅಕ್ಕ ಫೋನನ್ನು ಭಾವನ ಕಿವಿಗೆ ಹಿಡಿದಿದ್ದಳು.

"ಹೇಳಿದ್ಯಾ?"

"ಬೀಗ ಹಾಕಿದೆ ಭಾವ," ಎಂದೆ.

"ವಾಪಸ್ ಹೋಗು," ಎಂದರು, ಅಷ್ಟೇ.

ಹೋದೆ. ದರ್ಜಿ ಅಮ್ಮ ಕೊನೆಯವರೆಗೂ ಕೇಳಿದಳು. "ಮೊಮ್ಮಗಳು ದಿನಾ ಅದರ ಕೆಳಗೇ ಆಡ್ತಾಳಲ್ಲಪ್ಪ," ಎಂದವಳೇ ಬಾಗಿಲು ಹಾಕಿಕೊಂಡಳು. ಉಳಿದ ಒಂಬತ್ತು ಕಡೆ ಮೊದಲ ಸಲವೇ ಹೇಳಿದೆ. ಒಬ್ಬ ನನ್ನ ಜನ್ಮ ಜಾಲಾಡಿದ. ಬಸ್ ಡ್ರೈವರ್ ಒಬ್ಬರು ಮಾತ್ರ, "ನಂಗೂ ಒಂದ್ಸಲ ಬ್ರೇಕ್ ನೋಡದೆ ಹೊರಟು ಗೊತ್ತು," ಎಂದು ಏಣಿ ಹಿಡಿದು ನಿಂತರು. ಎಲ್ಲ ಪೆಟ್ಟಿಗೆ ಸರಿಪಡಿಸಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅಕ್ಕ ಮಾತಾಡಲಿಲ್ಲ. ಐದನೆಯ ದಿನ ತಟ್ಟೆ ಇಟ್ಟು, "ತಿನ್ನು. ಸಿಟ್ಟು ಇನ್ನೂ ಇದೆ. ಊಟ ಬೇರೆ, ಸಿಟ್ಟು ಬೇರೆ," ಎಂದಳು. ಅವಳ ಎದುರೇ ಅತ್ತುಬಿಟ್ಟೆ.

ಭಾವನ ಹೆಬ್ಬೆರಳು, ತೋರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಲೈಸೆನ್ಸಿನ ಮಾತನ್ನು ನಾನು ಅಲ್ಲಿಗೇ ಬಿಟ್ಟಿದ್ದೆ. ಯಾವ ಮುಖ ಹೊತ್ತು ಕೇಳಲಿ? ಮೂರು ವರ್ಷ ತುಂಬಿದ ವಾರ ಅವರೇ ನನ್ನನ್ನು ಲೈಸೆನ್ಸ್ ಕಚೇರಿಗೆ ಎಳೆದುಕೊಂಡು ಹೋದರು. ಪೆನ್ನನ್ನು ಉಳಿದ ಬೆರಳುಗಳ ನಡುವೆ ಸಿಕ್ಕಿಸಿಕೊಂಡು ಸಹಿ ಹಾಕಿದರು. ಗುಮಾಸ್ತರು ಭಾವನ ಹಳೆಯ ಸಹಿ ಇದ್ದ ಫೈಲ್ ತೆಗೆದು ಪಕ್ಕದಲ್ಲಿಟ್ಟು ನೋಡಿದರು.

"ಇದು ಹೊಂದೋದೇ ಇಲ್ವಲ್ಲ. ನಿಮ್ಮದೇ ಸಹಿ ಅಂತ ಹೇಗೆ ನಂಬೋದು?"

ಭಾವ ಇನ್ನೊಂದು ಹಾಳೆ ಕೇಳಿ ಮತ್ತೆ ಬರೆದರು. ಅದೂ ಹೊಂದಲಿಲ್ಲ. ಮೂರನೆಯದು ಇನ್ನೂ ಸೊಟ್ಟಗಾಯಿತು.

"ಬಿಡಿ ಭಾವ, ಹೋಗೋಣ," ಎಂದೆ.

"ಕೈಗೆ ಏನಾಯ್ತು ಮೇಸ್ತ್ರಿ?" ಎಂದರು ಗುಮಾಸ್ತರು.

"ಟೆಸ್ಟರ್ ಇಡದೆ ಮುಟ್ಟಿದೆ."

ನನಗೆ ತಡೆಯಲಾಗಲಿಲ್ಲ. "ನನ್ನಿಂದ ಆಗಿದ್ದು ಸಾರ್. ತಂತಿ ತಪ್ಪಾಗಿ ಹಾಕಿದ್ದು ನಾನು."

ಗುಮಾಸ್ತರು ನನ್ನ ಅರ್ಜಿಯನ್ನು ನೋಡಿದರು, ಭಾವನ ಕೈಯನ್ನು ನೋಡಿದರು. "ಇವರನ್ನ ನಂಬಬಹುದು ಅಂತಾನಾ ನೀವು ಬರ್ಕೊಡ್ತಿರೋದು?"

"ಹೌದು. ಹತ್ತು ಮನೆ ಬಾಗಿಲು ತಟ್ಟಿ ತಪ್ಪು ನಂದು ಅಂದಿದ್ದಾನೆ. ಅಂಥವನು ನಂಗೆ ಇನ್ನೊಬ್ಬ ಸಿಕ್ಕಿಲ್ಲ. ಹಾಳೆ ಕೊಡಿ ಸಾರ್, ಹೊಂದೋವರೆಗೂ ಬರೀತೀನಿ."

ಗುಮಾಸ್ತರು ಎದ್ದು ತಮ್ಮ ಕುರ್ಚಿಯನ್ನೇ ಈಚೆಗೆ ಎಳೆದರು. ಭಾವ ಕೂತು ಬರೆಯತೊಡಗಿದರು.